ಜೋಡಿಯಕ್ಕನ ನಕಲು ಕಾರ್ಡು

ನಮ್ಮ ಕಡಲ ನಿಗಾ ಕೇಂದ್ರದ ತಂತ್ರಜ್ಞೆಗೆ ಜೋಡಿಯಕ್ಕ ಎಂದು ಹೆಸರಿಟ್ಟವನು ನಾನೇ. ಪಕ್ಕದ ಮೇಜಿನಲ್ಲಿ ಕೂತು ದೋಣಿಗಳ ದಾಖಲೆ ಬರೆಯುವವನಿಗೆ ಇಂಥದ್ದಕ್ಕೆಲ್ಲ ಬೇಕಾದಷ್ಟು ಬಿಡುವಿರುತ್ತದೆ. ಅವಳ ಹತ್ತಿರ ಎಲ್ಲವೂ ಎರಡೆರಡು. ಎರಡು ಕೊಡೆ, ಎರಡು ಕನ್ನಡಕ, ಒಂದೇ ಬೀಗಕ್ಕೆ ಎರಡು ಕೀಲಿ, ಅವೆರಡೂ ಒಂದೇ ಚೀಲದಲ್ಲಿ!

"ಚೀಲಾನೇ ಕಳೆದುಹೋದ್ರೆ?" ಎಂದು ಒಮ್ಮೆ ಕೆಣಕಿದೆ.

"ಇನ್ನೊಂದು ಚೀಲ ಮನೇಲಿದೆ. ನೀನು ನಿನ್ನ ಕೆಲಸ ನೋಡು" ಎಂದಳು.

ನಮ್ಮ ಚಾವಣಿಯ ಮೇಲೆ ಎರಡು ಆಂಟೆನಾಗಳಿವೆ, ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಒಂದೊಂದಕ್ಕೂ ಒಂದು ಬೋರ್ಡು. ಕಷ್ಟದಲ್ಲಿರುವ ದೋಣಿಯವನು ಬೀಕನ್ ಎಂಬ ಪುಟ್ಟ ಸಂಕೇತಯಂತ್ರದ ಗುಂಡಿ ಒತ್ತಿದರೆ, ಆ ಕ್ಷೀಣ ಸಂಕೇತವನ್ನು ಗದ್ದಲದಿಂದ ಸೋಸಿ ಕಂಪ್ಯೂಟರಿಗೆ ಕಳಿಸುವುದು ಬೋರ್ಡಿನ ಕೆಲಸ. ಹೇಗೆ ಸೋಸಬೇಕು, ಯಾವ ವಿಳಾಸದಿಂದ ಕಳಿಸಬೇಕು ಎಂಬುದೆಲ್ಲ ಅದಕ್ಕೆ ಸಿಕ್ಕಿಸಿದ ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿರುತ್ತದೆ.

ಆ ಬೆಳಿಗ್ಗೆ ದಕ್ಷಿಣದ ಕಾರ್ಡು ಕೆಟ್ಟಿತು. ಜೋಡಿಯಕ್ಕ ಡಬ್ಬಿಯಿಂದ ತಾನು ಮೊದಲೇ ಮಾಡಿಟ್ಟಿದ್ದ ನಕಲು ಕಾರ್ಡನ್ನು ತೆಗೆದು ಹಾಕಿ, ಗೆದ್ದವಳಂತೆ ನನ್ನತ್ತ ನೋಡಿದಳು. ಹಸಿರು ದೀಪ ಹತ್ತಿತು. ಆದರೆ ಪರದೆಯಲ್ಲಿ ದಕ್ಷಿಣದ ಸುದ್ದಿಯೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಮಂಜು ಕವಿಯಿತು. ದಕ್ಷಿಣಕ್ಕೆ ಹೋಗಿದ್ದ ಐದು ದೋಣಿಗಳಲ್ಲಿ ನಾಲ್ಕು ದಡ ಸೇರಿದವು. ಸೇರದಿದ್ದ ದೋಣಿಯಲ್ಲಿ ಜೋಡಿಯಕ್ಕನ ತಮ್ಮನೊಬ್ಬನೇ ಇದ್ದ. ಬೆಳಿಗ್ಗೆ ಅವಳು ಎರಡು ಬೀಕನ್ ಕೊಡಲು ಹೋದರೆ, "ಅಕ್ಕಾ, ನನಗಿರೋದು ಒಂದೇ ಜೀವ" ಎಂದು ನಕ್ಕು ಒಂದನ್ನು ವಾಪಸು ಮಾಡಿದ್ದನಂತೆ. ರಕ್ಷಣಾ ದೋಣಿ ಸಿದ್ಧವಾಗಿ ನಿಂತಿತ್ತು, ಯಾವ ಕಡೆ ಹೋಗಬೇಕೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮೇಲ್ವಿಚಾರಕರು ಬಂದು ನೋಡಿ, "ಬೋರ್ಡು ಸತ್ತಿದೆ ಕಣಮ್ಮ. ಹೊಸದು ನಾಳೆ ಬರತ್ತೆ" ಎಂದರು.

ನಾಳೆಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಜೋಡಿಯಕ್ಕ ಮಾತ್ರ ಮತ್ತೆ ಬೋರ್ಡಿನ ಮುಂದೆ ಕೂತಳು. ಕೇಬಲ್ ಬದಲಾಯಿಸಿದಳು, ಬೋರ್ಡನ್ನು ಆರಿಸಿ ಹಚ್ಚಿದಳು. ಏನೂ ಆಗಲಿಲ್ಲ. ಅವಸರದಲ್ಲಿ ದಕ್ಷಿಣದ ಕೇಬಲ್ ಬದಲು ಉತ್ತರದ್ದನ್ನು ಕಿತ್ತುಬಿಟ್ಟಳು.

ತಕ್ಷಣ ದಕ್ಷಿಣ ಮಾತಾಡತೊಡಗಿತು.

ಉತ್ತರದ ಕೇಬಲನ್ನು ಮತ್ತೆ ಸಿಕ್ಕಿಸಿದಳು. ದಕ್ಷಿಣ ಮೂಕವಾಯಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು" ಎಂದು ಹಣೆ ಚಚ್ಚಿಕೊಂಡಳು. "ಈ ಕಾರ್ಡು ಉತ್ತರದ್ದರ ನಕಲು ಕಣೋ! ವಿಳಾಸಾನೂ ನಕಲಾಗಿದೆ. ಒಂದೇ ನಂಬರಿನ ಎರಡು ಮನೆ ಇದ್ರೆ ಅಂಚೆಯವನು ಏನು ಮಾಡ್ಬೇಕು?"

ಉತ್ತರವನ್ನು ಬಿಡಿಸಿಟ್ಟು, ಕಂಪ್ಯೂಟರಿನಿಂದ ದಕ್ಷಿಣದ ಬೋರ್ಡಿನೊಳಗೆ ಹೋಗಿ ವಿಳಾಸದ ಕೊನೆಯ ಹತ್ತನ್ನು ಹನ್ನೊಂದು ಮಾಡಿದಳು. ಬೋರ್ಡಿಗೇ ಇರುವ ಇನ್ನೊಂದು ಉದ್ದನೆಯ ಗುರುತಿನ ಸಂಖ್ಯೆಯೂ ನಕಲಾಗಿತ್ತು, ಅದನ್ನೂ ತಿದ್ದಿದಳು. ಬೋರ್ಡು ಮತ್ತೆ ಎಚ್ಚರಗೊಳ್ಳಲು ಒಂದು ನಿಮಿಷ ಬೇಕು. ಆ ಒಂದು ನಿಮಿಷ ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು.

ಉತ್ತರದ ಕೇಬಲ್ ಸಿಕ್ಕಿಸಿದಳು. ಈ ಸಲ ಎರಡೂ ಬೋರ್ಡು ಮಾತಾಡಿದವು. ಸ್ವಲ್ಪ ಹೊತ್ತಿನಲ್ಲೇ ಪರದೆಯ ಕೆಳತುದಿಯಲ್ಲಿ ಒಂದು ಚುಕ್ಕೆ ಮಿನುಗಿತು. ನಾನು ಫೋನಿನಲ್ಲಿ ರಕ್ಷಣಾ ದೋಣಿಗೆ ದಿಕ್ಕು ಕೂಗಿ ಹೇಳಿ, ಆಮೇಲೆ ದಾಖಲೆ ತೆಗೆದು ನೋಡಿದೆ. ತಮ್ಮನ ಬೀಕನ್ ಸಂಖ್ಯೆ ನಲವತ್ತೊಂದು. ಚುಕ್ಕೆಯ ಪಕ್ಕದಲ್ಲಿದ್ದದ್ದು ನಲವತ್ತೆರಡು.

"ಅಕ್ಕಾ, ಇದು ಅವನದಲ್ವಲ್ಲ!"

"ಅವನದೇ" ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. "ಬೇಡ ಅಂದಿದ್ದನ್ನ ಅವನ ಊಟದ ಡಬ್ಬಿ ಕೆಳಗೆ ತುರುಕಿದ್ದೆ."

ನನಗೆ ಹೋದ ಜೀವ ಬಂದಂತಾಯಿತು.

ಸಂಜೆ ಅವಳ ತಮ್ಮ ಒದ್ದೆ ಬಟ್ಟೆಯಲ್ಲೇ ಒಳಗೆ ಬಂದ. ಎಂಜಿನ್ ಕೈಕೊಟ್ಟಿತ್ತಂತೆ. ಊಟದ ಡಬ್ಬಿ ಎತ್ತಿದಾಗ ಎರಡನೇ ಬೀಕನ್ ಸಿಕ್ಕಿ, ಅದರ ಗುಂಡಿ ಒತ್ತಿದ್ದನಂತೆ. ನೀರು ಹೊಕ್ಕು ಸತ್ತಿದ್ದ ನಲವತ್ತೊಂದನ್ನೂ ಇನ್ನೂ ಮಿನುಗುತ್ತಿದ್ದ ನಲವತ್ತೆರಡನ್ನೂ ಮೇಜಿನ ಮೇಲಿಟ್ಟ. ಜೋಡಿಯಕ್ಕ ಎದ್ದು ಅವನ ಬೆನ್ನಿಗೆ ಎರಡು ಗುದ್ದಿ, ಅವನನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟಳು.

"ಮುಂದಿನ ಸಲ ಎರಡು ಕೊಡಕ್ಕಾ" ಎಂದ ಅವನು.