ವೆಸ್ಲಾಕೊದ ವಕೀಲಮ್ಮ

ನೊಯೆಮಿ ಬಾರಿಯೆಂತೋಸ್ ನಮ್ಮ ಬೀದಿಯ ಹುಡುಗಿ. ಅವಳ ಅಪ್ಪ ಟೆಕ್ಸಸ್‌ನ ದಕ್ಷಿಣ ಗಡಿಯ ನಮ್ಮೂರು ವೆಸ್ಲಾಕೊದ ಕಾಲುವೆಯಲ್ಲಿ ನೀರುಗಂಟಿ. ಕಬ್ಬಿನ ಗದ್ದೆಗೂ ಕಿತ್ತಳೆ ತೋಟಕ್ಕೂ ತೂಬು ತೆರೆದು ಮುಚ್ಚುವುದು ಅವನ ಕೆಲಸ. ತಾಯಿ ಎವಾಂಗೆಲಿನಾ ಶಾಲೆಯ ಅಡುಗೆಮನೆಯಲ್ಲಿದ್ದಳು. ಮನೆಯಲ್ಲಿ ಇಂಗ್ಲಿಷ್ ಸರಿಯಾಗಿ ಬರುತ್ತಿದ್ದದ್ದು ನೊಯೆಮಿಯೊಬ್ಬಳಿಗೇ. ಹಾಗಾಗಿ ಆಸ್ಪತ್ರೆಗೆ ಹೋದರೂ ಕರೆಂಟ್ ಆಫೀಸಿಗೆ ಹೋದರೂ ಅಮ್ಮನ ಬದಲು ಮಾತಾಡುವವಳು ಅವಳೇ. ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದಿದೆ, ಕಾಲಿನ ಬೆರಳು ತೆಗೆಯಬೇಕು ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸ್ಪ್ಯಾನಿಷಿನಲ್ಲಿ ಅಪ್ಪನಿಗೆ ಹೇಳಿದವಳೂ ಅವಳೇ. ಆಗ ಇನ್ನೂ ಪ್ರೈಮರಿ ಶಾಲೆಯ ಮಗು.

ಅವಳಿಗಿಂತ ದೊಡ್ಡವಳಾದ ನಾನು ಅದನ್ನೇ ಕಸುಬು ಮಾಡಿಕೊಂಡೆ, ಕೋರ್ಟಿನ ದುಭಾಷಿಯಾದೆ. ಅವಳಿಗೆ ಅದು ಬೇಡವಾಗಿತ್ತು.

"ಕಂಡೋರ ಮಾತು ಹೊತ್ತೂ ಹೊತ್ತೂ ಸಾಕಾಗಿದೆ ಚೆಲಾಕ್ಕ" ಎಂದು ನನಗೆ ಹೇಳಿದ್ದಳು. "ಇನ್ಮೇಲೆ ನನ್ನ ಮಾತು ನಾನಾಡ್ತೀನಿ."

ನಮ್ಮ ಕಡೆ ಕಾನೂನು ಕಾಲೇಜು ಇರಲಿಲ್ಲ. ಹ್ಯೂಸ್ಟನ್‌ಗೆ ಹೋದಳು. ಅಲ್ಲಿ ತರಗತಿಯ ಮುಕ್ಕಾಲು ಪಾಲು ಮಕ್ಕಳಿಗೆ ಅಪ್ಪನೋ ಚಿಕ್ಕಪ್ಪನೋ ವಕೀಲ. ಯಾವ ಪುಸ್ತಕ ಓದಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬುದು ಅವರಿಗೆ ಊಟದ ಮೇಜಿನಲ್ಲೇ ಗೊತ್ತಾಗಿರುತ್ತಿತ್ತು. ಇವಳು ಎಲ್ಲವನ್ನೂ ಓದಿದಳು. ಮೊದಲ ವಾರವೇ ಮೇಷ್ಟ್ರು ಎಬ್ಬಿಸಿ ತೀರ್ಪೊಂದನ್ನು ಓದಿಸಿದರು. ಅದರಲ್ಲಿದ್ದ ಲ್ಯಾಟಿನ್ ಮಾತುಗಳನ್ನು ಇವಳು ಸ್ಪ್ಯಾನಿಷ್ ನಾಲಿಗೆಯಲ್ಲಿ, ಅಕ್ಷರ ಇದ್ದ ಹಾಗೇ ಉಚ್ಚರಿಸಿದಾಗ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಲ್ಯಾಟಿನ್ನಿಗೆ ಇವಳ ಉಚ್ಚಾರವೇ ಹತ್ತಿರ. ಆದರೆ ಆ ಕೋಣೆಯಲ್ಲಿ ಅದು ತಪ್ಪು. ಕನ್ನಡಿಯ ಮುಂದೆ ನಿಂತು ಅವರ ಹಾಗೆ ಹೇಳುವುದನ್ನು ಕಲಿತಳು. ಜೊತೆಯವನೊಬ್ಬ, ನಿಮ್ಮಂಥವರಿಗೆ ಸೀಟು ಸಲೀಸಾಗಿ ಸಿಗುತ್ತದಂತಲ್ಲ ಎಂದು ನಗುನಗುತ್ತಲೇ ಕೇಳಿದ್ದನಂತೆ. ನೀನೇನಂದೆ ಎಂದು ನಾನು ಕೇಳಿದರೆ, "ಏನೂ ಅನ್ಲಿಲ್ಲ, ಮಾರನೇ ದಿನ ಪರೀಕ್ಷೆ ಇತ್ತು" ಎಂದಳು.

ಊರಿನವರು ಅವಳು ಆಗಲೇ ವಕೀಲಳಾದಳೆಂದುಕೊಂಡಿದ್ದರು. ಸೋದರಮಾವನಿಗೆ ಬೇಲಿ ಜಗಳ, ಸೋದರತ್ತೆಯ ಮಗನಿಗೆ ಪೊಲೀಸರ ದಂಡದ ಚೀಟಿ, ಪಕ್ಕದ ಮನೆಯವರಿಗೆ ವೀಸಾದ ಚಿಂತೆ. ಎಲ್ಲರೂ ಫೋನು ಮಾಡುತ್ತಿದ್ದರು. ಗೊತ್ತಿಲ್ಲ ಎಂದರೆ ಸೊಕ್ಕು ಬಂತೆನ್ನುತ್ತಿದ್ದರು. ಕ್ರಿಸ್‌ಮಸ್‌ಗೆ ಬಂದಾಗ ಟಮಾಲೆ ಕಡುಬು ಮಾಡಲು ಹೆಂಗಸರೆಲ್ಲ ಸೇರಿದ್ದೆವು. ಜೋಳದ ಸಿಪ್ಪೆಗೆ ಹಿಟ್ಟು ಹಚ್ಚುವುದರಲ್ಲಿ ಅವಳು ಹಿಂದೆ ಬಿದ್ದದ್ದನ್ನು ಅವಳ ಸೋದರತ್ತೆ ನೋಡಿದಳು.

"ವಕೀಲಮ್ಮನೋರೇ, ಹಿಟ್ಟು ಹಚ್ಚೋಕೂ ಜಡ್ಜ್ ಹತ್ರ ಅಪ್ಪಣೆ ತಗೋಬೇಕಾ?"

ಎಲ್ಲರೂ ನಕ್ಕರು. ನೊಯೆಮಿಯೂ ನಕ್ಕಳು. ಆಮೇಲೆ ಹಿತ್ತಿಲಿಗೆ ಹೋಗಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಅಲ್ಲೇ ನಿದ್ದೆ ಹೋದಳು. ಯಾರೂ ಎಬ್ಬಿಸಲಿಲ್ಲ.

ವಕೀಲರ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದಳು. ಅಷ್ಟು ಹೊತ್ತಿಗೆ ಎವಾಂಗೆಲಿನಾ ಮಗಳು ವಕೀಲಳಾದಳೆಂದು ಚರ್ಚಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಕೇಕಿನ ಮೇಲೆ ನ್ಯಾಯದ ತಕ್ಕಡಿಯ ಚಿತ್ರವನ್ನೂ ಬರೆಸಿಯಾಗಿತ್ತು. ಆ ಕೇಕನ್ನು ಮನೆಯವರೇ ತಿಂದು ಮುಗಿಸಿದರು. ಎರಡನೆಯ ಸಲ ಪಾಸಾದಾಗ ಕೇಕು ತರಿಸುವುದು ಬೇಡವೆಂದವಳು ನೊಯೆಮಿಯೇ.

ಹ್ಯೂಸ್ಟನ್‌ನ ದೊಡ್ಡ ವಕೀಲರ ಕಚೇರಿಯೊಂದು ಅವಳನ್ನು ಸೇರಿಸಿಕೊಂಡಿತು. ಅಪ್ಪನಿಗೆ ಆಗ ಕಿಡ್ನಿಯೂ ಕೈಕೊಟ್ಟಿತ್ತು, ಒಳ್ಳೆ ಕೆಲಸ ಬೇಕಿತ್ತು. ಅಲ್ಲಿನ ಹಿರಿಯ ವಕೀಲ ಹಾರ್ಲನ್ ಕೆಟ್ಟವನೇನಲ್ಲ. ಎದುರು ಸಿಕ್ಕವರಿಗೆಲ್ಲ "ನಮ್ಮ ನೊಯೆಮಿ" ಎಂದು ಪರಿಚಯ ಮಾಡಿಕೊಡುತ್ತಿದ್ದ. ಆದರೆ ಸ್ಪ್ಯಾನಿಷ್ ಮಾತಾಡುವ ಕಕ್ಷಿದಾರರು, ಸ್ಪ್ಯಾನಿಷಿನ ಕಾಗದಗಳು, ಸ್ಪ್ಯಾನಿಷಿನ ಫೋನುಗಳು ಎಲ್ಲವೂ ಇವಳ ಮೇಜಿಗೇ ಬರುತ್ತಿದ್ದವು. ಸ್ವಂತ ಕೆಲಸದ ಮೇಲೆ ಇದೂ ಬಿತ್ತು. ಇದನ್ನು ಕೆಲಸವೆಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಪೂರ್ವ ಟೆಕ್ಸಸ್‌ನ ಒಂದು ಕೋಳಿ ಕಾರ್ಖಾನೆಯ ಪರವಾಗಿ ಅವಳು, ಅದರ ಮೇಲೆ ಕೇಸು ಹಾಕಿದ್ದವಳ ಹೇಳಿಕೆಯನ್ನು ವಿಚಾರಣೆಗೆ ಮೊದಲೇ ಪಡೆಯಬೇಕಾಗಿ ಬಂತು. ದುಭಾಷಿಯಾಗಿ ನನ್ನನ್ನೇ ಕರೆಸಿಕೊಂಡಳು. ಕೇಸು ಹಾಕಿದ್ದವಳು ಓತಿಲಿಯಾ ಎಂಬ ಹೆಂಗಸು. ವರ್ಷಗಟ್ಟಲೆ ಕೋಳಿ ಕತ್ತರಿಸಿ ಎರಡೂ ಕೈಗಳ ಬೆರಳು ಮಡಚಲು ಆಗದಂತಾಗಿತ್ತು. ಅವಳ ವಕೀಲ ಬಿಳಿ ಕೂದಲಿನ ಮುದುಕ, ಸ್ಪ್ಯಾನಿಷ್ ಬಾರದು. ಒಳಗೆ ಬಂದವನೇ ನೊಯೆಮಿಗೆ, ದುಭಾಷಿ ಆ ಕಡೆ ಕೂರಬೇಕಮ್ಮ ಎಂದು ಕುರ್ಚಿ ತೋರಿಸಿದ. ದುಭಾಷಿ ನಾನು, ಅವರು ಎದುರು ಪಕ್ಷದ ವಕೀಲರು ಎಂದು ನಾನು ಹೇಳಬೇಕಾಯಿತು. ಆತ ಕಿವಿಯವರೆಗೂ ಕೆಂಪಾಗಿ ಕ್ಷಮೆ ಕೇಳಿದ. ಪರವಾಗಿಲ್ಲ, ಅಭ್ಯಾಸವಾಗಿದೆ ಎಂದಳು ನೊಯೆಮಿ.

ಎಲ್ಲವನ್ನೂ ಇಂಗ್ಲಿಷಿನಲ್ಲೇ ದಾಖಲಿಸಬೇಕೆಂಬುದು ನಿಯಮ. ಹಾಗಾಗಿ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಅರ್ಥವಾಗುವ ಇಬ್ಬರು ಹೆಂಗಸರ ನಡುವೆ ನಾನು ಕೂತಿದ್ದೆ. ಓತಿಲಿಯಾ ನನ್ನ ಕಡೆ ತಿರುಗಲೇ ಇಲ್ಲ. ನೊಯೆಮಿಯ ಮುಖವನ್ನೇ ನೋಡುತ್ತ, ಅವಳಿಗೇ ಹೇಳುತ್ತಿದ್ದಳು. ಬೆಳಗಿನಿಂದ ಬಿಗಿದುಕೊಂಡಿದ್ದ ಓತಿಲಿಯಾಳ ಭುಜಗಳು ಸಡಿಲವಾಗಿದ್ದವು. ಈ ಕಾರ್ಖಾನೆಗೆ ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ನೊಯೆಮಿ ಕೇಳಿದಳು.

"ಏನು ಮಾಡಿಲ್ಲ ಹೇಳು ಮಗಳೇ" ಎಂದಳು ಓತಿಲಿಯಾ. "ಈರುಳ್ಳಿ ಕಿತ್ತಿದೀನಿ, ಹತ್ತಿ ಬಿಡಿಸಿದೀನಿ, ಕಂಡೋರ ಮನೆ ನೆಲ ಒರೆಸಿದೀನಿ. ನಮ್ಮಂಥೋರ ಕೈಗೆ ನೋವು ಯಾವಾಗಿಲ್ಲ? ನಿಮ್ಮಮ್ಮನ್ನ ಕೇಳು, ಅವಳೂ ಇದನ್ನೇ ಹೇಳ್ತಾಳೆ."

ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ನೊಯೆಮಿಯ ಪೆನ್ನು ನಿಂತಿತ್ತು. ನೋವು ಮೊದಲೇ ಇತ್ತೆಂದಾದರೆ ಕಾರ್ಖಾನೆಯ ಹೊಣೆ ತಪ್ಪುತ್ತದೆ. ಅದು ಅವಳಿಗೆ ಬೇಕಾಗಿದ್ದ ಉತ್ತರ. ಅದನ್ನು ಗಟ್ಟಿ ಮಾಡಿಕೊಳ್ಳುವುದು ಅವಳ ಕೆಲಸ. ಹಾಗಾದರೆ ಕಾರ್ಖಾನೆ ಸೇರುವ ಮೊದಲೇ ಕೈ ನೋವಿತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮುದುಕ ವಕೀಲ ಆಕ್ಷೇಪ ಎತ್ತಿದ, ಅದು ದಾಖಲಾಯಿತು. ನಾನು ಪ್ರಶ್ನೆಯನ್ನು ತಿರುಗಿಸಿದೆ.

"ಇತ್ತು ಮಗಳೇ" ಎಂದಳು ಓತಿಲಿಯಾ.

ಹೊರಡುವಾಗ ಅವಳು ಮಡಚಲಾರದ ಬೆರಳುಗಳಿಂದಲೇ ನೊಯೆಮಿಯ ಕೆನ್ನೆ ಸವರಿ, ನಿನ್ನನ್ನು ಹೆತ್ತ ತಾಯಿ ಪುಣ್ಯವಂತೆ ಎಂದು ಹೇಳಿ ಹೋದಳು. ಕಾರು ನಿಲ್ಲಿಸಿದ್ದ ಕಡೆ ನೊಯೆಮಿ ಬಾಗಿಲು ತೆಗೆದು ಒಳಗೆ ಕೂರದೆ ಹಾಗೇ ನಿಂತಿದ್ದಳು.

"ನಾನು ಕೇಳಿದ್ರಲ್ಲಿ ಏನಾದ್ರೂ ಮೋಸ ಇತ್ತಾ ಚೆಲಾಕ್ಕ?"

"ಇಲ್ಲ. ಪ್ರಶ್ನೆ ನೆಟ್ಟಗಿತ್ತು."

"ಹಾರ್ಲನ್ ಕೇಳಿದ್ರೆ ಅವಳು ಇದನ್ನ ಹೇಳ್ತಿದ್ಲಾ?"

ನಾನು ನನ್ನ ಚೀಲವನ್ನು ಹಿಂದಿನ ಸೀಟಿಗೆ ಹಾಕಿದೆ.

"ಅದಕ್ಕೇ ನನ್ನ ಕಳಿಸಿದ್ದು" ಎಂದಳು.

ಓತಿಲಿಯಾಳ ಕೇಸು ಏನೂ ಸಿಗಲಿಲ್ಲ ಎನ್ನುವಷ್ಟು ಅಲ್ಪ ಪರಿಹಾರದಲ್ಲಿ ಮುಗಿಯಿತು. ಕಚೇರಿಯಲ್ಲಿ ನೊಯೆಮಿಯ ಬೆನ್ನು ತಟ್ಟಿದರು. ಮುಂದಿನ ಅಂಥ ಕೇಸುಗಳೂ ಅವಳಿಗೇ ಬಂದವು. ಅವಳು ಕೂಡಲೇ ಬಿಟ್ಟು ಬರಲಿಲ್ಲ. ಅಪ್ಪನ ಚಿಕಿತ್ಸೆ ನಡೆಯುತ್ತಿತ್ತು, ಅವಳು ದುಡಿದಳು. ಅಪ್ಪ ತೀರಿಕೊಂಡ ಮೇಲೂ ಕೆಲ ಕಾಲ ಇದ್ದಳು. ಕಚೇರಿಯಲ್ಲಿ ಪಾಲುದಾರಳಾಗುವ ಸರದಿ ಬಂದಾಗ ಅವಳಿಗಿಂತ ತಡವಾಗಿ ಸೇರಿದ ಇಬ್ಬರಿಗೆ ಅದು ಸಿಕ್ಕಿತು. ಹಾರ್ಲನ್ ಕರೆದು ಕೂರಿಸಿ, ನೀನು ಈಗಿರುವ ಜಾಗದಲ್ಲೇ ನಮಗೆ ತುಂಬಾ ಬೇಕಾದವಳು ಎಂದು ಸಮಾಧಾನ ಹೇಳಿದ. ಅವನಿಗೆ ಆ ಮಾತಿನಲ್ಲಿ ತಪ್ಪೇನೂ ಕಂಡಿರಲಿಕ್ಕಿಲ್ಲ. ಅವಳು ಆ ತಿಂಗಳೇ ಊರಿಗೆ ಬಂದಳು.

ಊರಲ್ಲಿ ಎಲ್ಲ ಸುಲಭವಾಯಿತು ಎಂದೇನಿಲ್ಲ. ಇಲ್ಲಿ ನ್ಯಾಯಾಧೀಶರೂ ವಕೀಲರೂ ಪೊಲೀಸರೂ ಸ್ಪ್ಯಾನಿಷ್ ಮಾತಾಡುವ ನಮ್ಮವರೇ. ಆದರೆ ಅವರು ಅಪ್ಪಂದಿರ ಕಾಲದಿಂದ ಒಟ್ಟಿಗೆ ಬೇಟೆಗೆ ಹೋಗುವವರು, ಒಟ್ಟಿಗೆ ಮಾಂಸ ಸುಡುವವರು. ಹ್ಯೂಸ್ಟನ್‌ನಲ್ಲಿದ್ದು ಬಂದವಳೆಂದು ಇವಳನ್ನು ದೂರ ಇಟ್ಟರು. ಹಳೆಯ ನ್ಯಾಯಾಧೀಶರೊಬ್ಬರು ಗಂಡಸು ವಕೀಲರನ್ನೆಲ್ಲ ವಕೀಲರೇ ಎಂದು ಕರೆದು ಇವಳನ್ನು ಮಾತ್ರ ಮಗಳೇ ಎನ್ನುತ್ತಿದ್ದರು. ಓತಿಲಿಯಾಳ ಬಾಯಲ್ಲಿ ಬಂದ ಮಗಳೇ ಅದಲ್ಲ. ಬಡವರಿಗೆ ಕೋರ್ಟು ನೇಮಿಸುವ ವಕೀಲಳಾಗಿ ಅವಳು ಈಗಲೂ ನಮ್ಮ ಜಿಲ್ಲಾ ಕೇಂದ್ರವಾದ ಎಡಿನ್‌ಬರ್ಗ್‌ನ ಕೋರ್ಟಿನಲ್ಲಿ ನಿಲ್ಲುತ್ತಾಳೆ. ನಾನೂ ಅಲ್ಲೇ ಇರುತ್ತೇನೆ.

ಕಳೆದ ವಾರ ಅಂಗಡಿಯಿಂದ ಮಗುವಿನ ಹಾಲಿನ ಪುಡಿ ಕದ್ದ ಆರೋಪದ ಮೇಲೆ ಒಬ್ಬ ಚಿಕ್ಕ ವಯಸ್ಸಿನ ತಾಯಿ ಕೋರ್ಟಿಗೆ ಬಂದಿದ್ದಳು; ಅವಳ ಕೇಸನ್ನು ಅವತ್ತೇ ನೊಯೆಮಿಗೆ ವಹಿಸಿದ್ದರು. ನೊಯೆಮಿ ಅವಳ ಪಕ್ಕ ಕೂತು ಎಲ್ಲವನ್ನೂ ನಿಧಾನವಾಗಿ ಸ್ಪ್ಯಾನಿಷಿನಲ್ಲಿ ವಿವರಿಸಿದಳು. ಹುಡುಗಿ ತಲೆಯಾಡಿಸುತ್ತ ಕೇಳಿ, ಬಾಗಿಲ ಕಡೆ ನೋಡಿದಳು.

"ಅಕ್ಕಾ, ನಮ್ಮ ಲಾಯರು ಎಷ್ಟೊತ್ತಿಗೆ ಬರ್ತಾರೆ?"

ನೊಯೆಮಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು.

"ಬಂದಾಯ್ತಮ್ಮ. ನಾನೇ."

ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಕ್ಷಮಿಸಿ ಎಂದಳು. ದನಿಯಲ್ಲಿ ಕೊಂಚ ನಿರಾಸೆಯೂ ಇತ್ತು.

ಕೇಸು ಕರೆದಾಗ ಅಂಗಡಿಯ ಸಾಕ್ಷಿ ಬಂದಿರಲಿಲ್ಲ. ಸರ್ಕಾರಿ ವಕೀಲ ಇನ್ನೊಂದು ತಾರೀಖು ಕೇಳಿದ. ಈ ಸಾಕ್ಷಿಗಾಗಿ ಹಿಂದೆಯೂ ಮುಂದೂಡಿದ್ದೀರಿ, ಇವಳು ಪ್ರತಿ ಸಲ ಮಗುವನ್ನು ಯಾರದೋ ಮನೆಯಲ್ಲಿ ಬಿಟ್ಟು ಬಸ್ಸು ಹಿಡಿದು ಬಂದಿದ್ದಾಳೆ ಎಂದು ನೊಯೆಮಿ ದನಿ ಏರಿಸದೆ ವಾದಿಸಿದಳು. ನ್ಯಾಯಾಧೀಶರು ಕೇಸು ವಜಾ ಮಾಡಿದರು. ನಾನು ತಿರುಗಿಸಿ ಹೇಳಿದ ಮೇಲೂ ಹುಡುಗಿಗೆ ನಂಬಿಕೆ ಬರಲಿಲ್ಲ. ಮನೆಗೆ ಹೋಗಬಹುದೇ ಎಂದು ನೊಯೆಮಿಯನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಓಡುತ್ತಲೇ ಹೋದಳು.

ಮಧ್ಯಾಹ್ನ ಹೊರಗಿನ ಗಾಡಿಯಲ್ಲಿ ನಾವಿಬ್ಬರೂ ಟಾಕೊ ತಗೊಂಡು ಮೆಟ್ಟಿಲ ಮೇಲೆ ಕೂತೆವು. ನೊಯೆಮಿ ಬೂಟು ಬಿಚ್ಚಿ ಪಾದ ಚಾಚಿದಳು. ನಮ್ಮಲ್ಲಿ ನ್ಯಾಯಾಧೀಶರನ್ನೂ ಜನರೇ ಮತ ಹಾಕಿ ಆರಿಸುತ್ತಾರೆ. ಬರುವ ಸಲ ನ್ಯಾಯಾಧೀಶರ ಚುನಾವಣೆಗೆ ನಿಲ್ಲು ಎಂದು ಕೆಲವರು ಅವಳನ್ನು ಒತ್ತಾಯಿಸುತ್ತಿದ್ದಾರೆ. ಏನು ಯೋಚನೆ ಮಾಡಿದೆ ಎಂದು ಕೇಳಿದೆ.

"ಮೊದ್ಲು ತಿನ್ನೋಣ ಅಕ್ಕ" ಎಂದು ನಿಂಬೆಹಣ್ಣು ಹಿಂಡಿದಳು. ಊಟದ ಮೇಲೆ ಅವಳಿಗೆ ಇನ್ನೂ ನಾಲ್ಕೈದು ಕೇಸುಗಳಿದ್ದವು.