ಗದ್ದೆಯಲ್ಲಿ ಬಲಿಯನ್ನು ಕರೆದದ್ದು

ಮಟ್ಟು ಊರಿನ ಹೊಳೆಯ ಬದಿಯಲ್ಲಿ ನಮ್ಮ ಮಾವನ ಗದ್ದೆ. ದೀಪಾವಳಿಯ ಸಂಜೆ ಅಲ್ಲಿ ದೀಪವಿಟ್ಟು, ಬಲಿ ಚಕ್ರವರ್ತಿಯನ್ನು ಮೂರು ಸಲ ಗಟ್ಟಿಯಾಗಿ ಕರೆಯಬೇಕು. ಪ್ರತಿ ಕರೆಯ ಕೊನೆಗೆ ಉದ್ದಕ್ಕೆ ಒಂದು 'ಕೂ'. ಅಕ್ಕಪಕ್ಕದ ಗದ್ದೆಯವರು ಅದಕ್ಕೆ 'ಕೂ' ಎಂದು ಓಗೊಡುತ್ತಾರೆ. ನನಗೆ ತಿಳಿದಾಗಿನಿಂದ ಮಾವನೇ ಕರೆಯುವುದು.

ಕಳೆದ ವರ್ಷ ಮಣಿಪಾಲದಲ್ಲಿ ಅವರ ಗಂಟಲಿಗೆ ಆಪರೇಷನ್ ಆಗಿ ಸ್ವರ ಪಿಸುಮಾತಿಗೆ ಇಳಿದಿತ್ತು. ಹಬ್ಬ ಹತ್ತಿರ ಬಂದಂತೆ ಅವರು ಊಟವನ್ನೇ ಕಡಿಮೆ ಮಾಡಿದರು.

"ಕರೆಯದೆ ಅವನು ಬರುವುದಿಲ್ಲ ಅಳಿಯಾ," ಎಂದು ನನ್ನ ಕಿವಿಯ ಹತ್ತಿರ ಬಂದು ಹೇಳಿದರು. "ಭೂಮಿ ಎಲ್ಲ ದಾನ ಕೊಟ್ಟವ. ಕೊಟ್ಟ ಮಣ್ಣಿಗೆ ತಾನಾಗಿ ಹೇಗೆ ಕಾಲಿಡುವುದು? ದಾರಿಗೆ ದೀಪ ಇಟ್ಟು, ಬಾ ಅಂತ ನಾವೇ ಹೇಳಬೇಕಲ್ವಾ?"

ದೀಪ ಕತ್ತಲೆಯನ್ನು ಓಡಿಸುತ್ತದೆ ಎಂದು ನಾನು ಶಾಲೆಯ ಪುಸ್ತಕದಲ್ಲಿ ಓದಿದ್ದೆ. ಮನೆಗೆ ಬರಲು ನಾಚುವ ಒಬ್ಬ ನೆಂಟನಿಗಾಗಿ ಅದನ್ನು ಹಚ್ಚುತ್ತೇವೆಂದು ಆ ದಿನವೇ ಗೊತ್ತಾದದ್ದು.

"ನಾನು ಕರೆಯುತ್ತೇನೆ ಮಾವ," ಎಂದುಬಿಟ್ಟೆ.

ಮೂವತ್ತೆಂಟನೇ ವಯಸ್ಸಿನಲ್ಲಿ ಹತ್ತನೇ ಕ್ಲಾಸ್ ಪಾಸಾದವನು ನಾನು. ಬರೆದು ಓದಿದರೆ ಏನೂ ತಪ್ಪುವುದಿಲ್ಲ ಎಂಬ ನಂಬಿಕೆ. ಕರೆಯ ಮಾತನ್ನೆಲ್ಲ ಅತ್ತೆಯಿಂದ ಹೇಳಿಸಿ ಚೀಟಿಯಲ್ಲಿ ಬರೆದುಕೊಂಡೆ.

ಸಂಜೆ ಗುಳ್ಳ ಬದನೆಯ ಸಸಿಗಳ ಪಕ್ಕ, ಗದ್ದೆಯ ಬದುವಿನಲ್ಲಿ ಬಾಳೆ ಎಲೆ ಹಾಸಿ ಅವಲಕ್ಕಿ, ಹೂ ಇಟ್ಟೆವು. ಕೋಲಿನ ತುದಿಗೆ ಬಟ್ಟೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ಹೊತ್ತಿಸಿ ನೆಟ್ಟೆವು. ನಾನು ಕನ್ನಡಕ ಹಾಕಿ, ಆ ಬೆಳಕಿಗೆ ಚೀಟಿ ಹಿಡಿದು, ಅಕ್ಷರ ಬಿಡದೆ ಓದಿದೆ. ಕೊನೆಗೆ 'ಕೂ' ಅಂದೆ.

ಆಚೆ ಗದ್ದೆಗಳಲ್ಲೂ ದೀಪವಿತ್ತು, ಜನರೂ ಇದ್ದರು. ಯಾರೂ ಓಗೊಡಲಿಲ್ಲ.

"ಎಂತ ಮಾರಾಯ, ರೇಷನ್ ಅಂಗಡಿಯಲ್ಲಿ ಹೆಸರು ಕೂಗಿದ ಹಾಗೆ ಉಂಟು!" ಎಂದರು ಅತ್ತೆ.

ಎರಡನೇ ಸಲವೂ ಹಾಗೇ ಆಯಿತು. ಮಾವ ತಾಳಲಾರದೆ ಎದೆ ಉಬ್ಬಿಸಿ ಬಾಯಿ ತೆರೆದರು. ಅತ್ತೆ ಅವರ ರಟ್ಟೆ ಹಿಡಿದರು.

"ಬೇಡ! ಡಾಕ್ಟರು ಎಂತ ಹೇಳಿದ್ದು? ಇದ್ದ ಸ್ವರವೂ ಹೋಗಬೇಕಾ ನಿಮಗೆ?"

ಮಾವನ ಕಣ್ಣು ತುಂಬಿತ್ತು. ಉಳಿದದ್ದು ಒಂದೇ ಕರೆ. ಅವರು ನನ್ನ ಕೈಯಿಂದ ಚೀಟಿ ಕಿತ್ತು ಲುಂಗಿಗೆ ಸಿಕ್ಕಿಸಿಕೊಂಡರು.

"ಓದಬೇಡ. ಅವ ಅಲ್ಲಿ ಹೊಳೆಯ ಆಚೆ ನಿಂತಿದ್ದಾನೆ. ಕರಿ."

ನಾನು ಹೊಳೆಯ ಕಡೆ ತಿರುಗಿದೆ. ಸಂಕೋಚದಿಂದ ನಿಂತ ಒಬ್ಬ ದೊಡ್ಡ ಮನುಷ್ಯ ನಿಜವಾಗಿಯೂ ಕಂಡಂತಾಯಿತು. ಎರಡು ಮಾತು ಹಿಂದೆ ಮುಂದಾಯಿತು, ಒಂದು ಬಿಟ್ಟೇ ಹೋಯಿತು. ಆದರೆ 'ಕೂ' ಮಾತ್ರ ಹೊಟ್ಟೆಯಿಂದ ಎದ್ದು ಬಂತು.

ಪಕ್ಕದ ಗದ್ದೆಯಿಂದ ಒಂದು 'ಕೂ'. ಅದರಾಚೆಯಿಂದ ಇನ್ನೊಂದು. ಆಮೇಲೆ ಹೊಳೆಯ ಆ ದಡದಿಂದಲೂ, ಸಣ್ಣಗೆ.

ಮಾವ ಕಿವಿಗೆ ಕೈ ಕೊಟ್ಟು ಕೊನೆಯದು ಅಡಗುವವರೆಗೂ ನಿಂತರು. ಮುಖ ಅರಳಿತ್ತು.

"ಈಗ ಸಮಾಧಾನ ಆಯ್ತಾ?" ಎಂದು ಅತ್ತೆ ಕೇಳಿದರು.

ಅವರು ಏನೋ ಪಿಸುಗುಟ್ಟಿದರು. ಅತ್ತೆ ನಕ್ಕು ನನ್ನ ಕಡೆ ತಿರುಗಿದರು.

"ಇನ್ನೊಮ್ಮೆ ಕರೆಯಬೇಕಂತೆ. ಮೂರೇ ಅಂತ ಯಾರು ಹೇಳಿದ್ದು ಅಂತ ಕೇಳ್ತಾರೆ."

ನಾನು ಮತ್ತೆ ಕರೆದೆ.