ಸಹಿಯಿಲ್ಲದ ಗುರುವಾರಗಳು

ಜಂಬಣ್ಣನಿಗೆ ಒಂದು ಕೆಟ್ಟ ಚಾಳಿಯಿತ್ತು. ಎದುರಿಗಿದ್ದವರ ಮುಖ ಸಪ್ಪಗಾದರೆ ಅವನಿಗೆ ಕೈಕಾಲು ಆಡುತ್ತಿರಲಿಲ್ಲ. ಅಂಥವನನ್ನು ತಂದು ಗ್ರಂಥಾಲಯದಲ್ಲಿ, ಸಹಿ ಪುಸ್ತಕದ ಮುಂದೆ ಕೂರಿಸಿದರೆ ಇನ್ನೇನಾಗುತ್ತದೆ ಹೇಳಿ? ಬೇರೆ ಯಾರಾದರೂ ಆಗಿದ್ದರೆ ಎರಡು ಗದರು ಗದರಿ ಕೆಲಸ ಮುಗಿಸುತ್ತಿದ್ದರು. ಇವನಿಗೆ ಗದರುವುದೇ ಗೊತ್ತಿರಲಿಲ್ಲ.

ಊರು ಆಯನೂರು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲ ಕಟ್ಟಿ ಪಾಸು ಮಾಡಿದವನು. ಭದ್ರಾವತಿಯಲ್ಲಿ ಕಾರ್ಖಾನೆಯ ಹಿಂಬದಿಯ ಬಾವಿಕಟ್ಟೆ ಬೀದಿಯ ಶಾಖಾ ಗ್ರಂಥಾಲಯಕ್ಕೆ ಸಹಾಯಕನಾಗಿ ಬಂದಾಗ ಅವನಿಗೆ ಮೂವತ್ತೆರಡು ವರ್ಷ. ಗ್ರಂಥಾಲಯ ಅಂದರೆ ದೊಡ್ಡ ಕಟ್ಟಡವೇನಲ್ಲ. ಶೀಟು ಹೊದೆಸಿದ ಒಂದು ಉದ್ದನೆಯ ಕೋಣೆ, ನಾಲ್ಕು ಕಬ್ಬಿಣದ ಬೀರು, ಎರಡು ಬೆಂಚು, ಮನಸ್ಸು ಬಂದಾಗ ತಿರುಗುವ ಒಂದು ಫ್ಯಾನು. ಕಸ ಗುಡಿಸುವುದು, ಪೇಪರು ಜೋಡಿಸುವುದು, ಪುಸ್ತಕ ಕೊಡುವುದು, ಬೀಗ ಹಾಕುವುದು, ಎಲ್ಲ ಅವನೇ. ಹೆಂಡತಿ ಶಾಮಲಾ ಅವನನ್ನು ‘ನಮ್ಮನೆ ಸಾಹೇಬ್ರು’ ಎಂದು ಛೇಡಿಸುತ್ತಿದ್ದಳು. ಅವನಿಗೆ ಅದರಲ್ಲೂ ಸ್ವಲ್ಪ ಖುಷಿಯಿತ್ತು.

ತೊಂಬತ್ತನಾಲ್ಕರಲ್ಲಿ ಶಿವಮೊಗ್ಗದ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಪ್ರತಿ ಶಾಖೆಯೂ ವಾರಕ್ಕೊಂದು ಉಚಿತ ಕಾರ್ಯಕ್ರಮ ನಡೆಸಬೇಕು, ಬಂದವರ ಸಹಿಯೋ ಹೆಬ್ಬೆಟ್ಟೋ ತೆಗೆದುಕೊಳ್ಳಬೇಕು ಎಂದು. ಬಾವಿಕಟ್ಟೆ ಬೀದಿಗೆ ಭಾಷಣ ಮಾಡಲು ಯಾವ ಪುಣ್ಯಾತ್ಮ ಬರುತ್ತಾನೆ? ಜಂಬಣ್ಣ ಯೋಚಿಸಿದ. ಬೀದಿಯ ಹೆಂಗಸರು ಮನೆ ಜಗಲಿಯಲ್ಲಿ ಕೂತು ಮಾರ್ಕೆಟ್ಟಿಗೆ ಹೂ ಕಟ್ಟುವವರು. ಕೈಗೆ ಕೆಲಸವಿದೆ, ಕಿವಿಗೆ ಇಲ್ಲ. ‘ನಾನೇ ಒಂದು ಕಾದಂಬರಿ ಓದ್ತೀನಿ, ಹೂವಿನ ಬುಟ್ಟಿ ತಗೊಂಡೇ ಬನ್ನಿ’ ಎಂದು ಮನೆಮನೆಗೆ ಹೋಗಿ ಕರೆದ. ಶುಕ್ರವಾರದ ಹೂವನ್ನು ಗುರುವಾರವೇ ಕಟ್ಟಬೇಕಲ್ಲ, ಹಾಗಾಗಿ ಗುರುವಾರ ಎಂದು ಗೊತ್ತಾಯಿತು.

ಮೊದಲ ಗುರುವಾರ ಬೆಳಿಗ್ಗೆ ಹತ್ತಕ್ಕೆ ಹದಿನಾಲ್ಕು ಹೆಂಗಸರು ಬಂದರು. ಜಂಬಣ್ಣ ಅದಕ್ಕೆಂದೇ ಕೊಂಡು ತಂದಿದ್ದ ಹೊಸ ಮಸಿಪ್ಯಾಡನ್ನು ಮೇಜಿನ ಮೇಲೆ ತೆರೆದಿಟ್ಟ. ಪೇಪರು ಓದುತ್ತಿದ್ದ ಗಂಡಸರಲ್ಲಿ ಒಬ್ಬ, ‘ಏನ್ ಮಾರಾಯಾ, ಲೈಬ್ರರೀಲೂ ಹೆಬ್ಬೆಟ್ಟಾ!’ ಎಂದು ನಕ್ಕ. ಉಳಿದವರೂ ಕಿಸಕ್ಕೆಂದರು. ಸಾಲಿನಲ್ಲಿ ಮುಂದಿದ್ದವಳು ಬಂಗಾರಮ್ಮ. ಚಾಚಿದ್ದ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

‘ನಾನು ಒತ್ತಲ್ಲ ಅಣ್ಣಾ’ ಎಂದಳು. ‘ನಮ್ಮನೆಯೋರು ತೀರ್ಕೊಂಡಾಗ ಕಂಟ್ರಾಕ್ಟರು ಏಳು ಕಡೆ ಒತ್ತಿಸ್ಕೊಂಡ. ಅದ್ರಲ್ಲಿ ಏನು ಬರ್ದಿತ್ತೋ ಆ ಶಿವನಿಗೇ ಗೊತ್ತು. ಮಾರನೇ ದಿನ ಮನೆ ಖಾಲಿ ಮಾಡು ಅಂದ್ರು. ಅವತ್ತೇ ಆಣೆ ಹಾಕ್ಕೊಂಡೆ, ಇನ್ನು ಯಾವ ಕಾಗದಕ್ಕೂ ಒತ್ತಲ್ಲ ಅಂತ. ಕಥೆ ಕೇಳೋಕೂ ಒತ್ಬೇಕು ಅಂದ್ರೆ ನಾನು ಬರಲ್ಲ.’

ಅವಳ ಹಿಂದಿದ್ದವರೂ ಒಬ್ಬೊಬ್ಬರಾಗಿ ಬುಟ್ಟಿ ಎತ್ತಿಕೊಳ್ಳತೊಡಗಿದರು. ಜಂಬಣ್ಣ ಪ್ಯಾಡಿನ ಮುಚ್ಚಳ ಹಾಕಿ ಡ್ರಾಯರಿಗೆ ತಳ್ಳಿದ. ‘ಯಾರೂ ಒತ್ತೋದು ಬೇಡ, ಕೂತ್ಕೊಳ್ಳಿ’ ಎಂದ. ಅಷ್ಟೇ ಅಲ್ಲ, ಗಂಡಸರು ನಕ್ಕದ್ದು ಅವನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಮುಂದಿನ ವಾರದಿಂದ ಓದನ್ನು ಮಧ್ಯಾಹ್ನ ಎರಡರಿಂದ ನಾಲ್ಕಕ್ಕೆ ಬದಲಾಯಿಸಿದ. ಅದು ಗ್ರಂಥಾಲಯ ಮುಚ್ಚಿರುವ ಹೊತ್ತು. ತನ್ನ ಊಟದ ಹೊತ್ತಿನಲ್ಲಿ, ಮುಂಬಾಗಿಲು ಹಾಕಿಕೊಂಡು, ಹಿತ್ತಲ ಬಾಗಿಲಿಂದ ಹೆಂಗಸರನ್ನು ಒಳಗೆ ಬಿಡುತ್ತಿದ್ದ. ಎಷ್ಟು ಒಳ್ಳೆಯ ಬುದ್ಧಿ ನೋಡಿ! ಸಹಿಯೂ ಇಲ್ಲ, ನೋಡಿದ ಸಾಕ್ಷಿಯೂ ಇಲ್ಲ.

ಪ್ಯಾಡು ಡ್ರಾಯರಿನಲ್ಲೇ ಉಳಿಯಿತು. ಪುಸ್ತಕಗಳೆಲ್ಲ ಶಿವಮೊಗ್ಗದಲ್ಲೇ ಸೀಲು ಒತ್ತಿಸಿಕೊಂಡು ಬರುತ್ತಿದ್ದರಿಂದ ಅದಕ್ಕೆ ಬೇರೆ ಕೆಲಸವೂ ಇರಲಿಲ್ಲ.

ಹೀಗೆ ಒಂಬತ್ತು ವರ್ಷ. ಹದಿನಾಲ್ಕು ಜನ ಮೂವತ್ತಾದರು. ನೆಲದ ತುಂಬ ಕನಕಾಂಬರ, ಸೇವಂತಿಗೆ, ಒದ್ದೆ ಬಾಳೆನಾರು. ಜಂಬಣ್ಣನ ಓದಿಗೆ ಒಂದು ಕಟ್ಟುನಿಟ್ಟಿತ್ತು. ಅವನು ಯಾವ ಕಾದಂಬರಿಯನ್ನೂ ಮುಂದೆ ಓದಿಟ್ಟುಕೊಳ್ಳುತ್ತಿರಲಿಲ್ಲ. ಗುರುವಾರ ಎಲ್ಲಿಗೆ ನಿಂತಿತೋ ಅಲ್ಲಿಗೆ ಬಾಳೆನಾರು ಇಟ್ಟು ಬೀರುವಿನಲ್ಲಿ ಬೀಗ ಹಾಕುತ್ತಿದ್ದ. ‘ಮುಂದಿಂದು ಗೊತ್ತಿದ್ರೆ ನನ್ನ ದನಿ ಕಳ್ಳ ಆಗುತ್ತೆ. ನಿಮ್ಮ ಜೊತೆಗೇ ಗೊತ್ತಾಗ್ಲಿ’ ಎನ್ನುತ್ತಿದ್ದ. ಅದಕ್ಕೇ ಅವನ ಓದು ಅಷ್ಟು ಜೀವಂತವಾಗಿತ್ತು. ಅಳುವ ಕಡೆ ಮೂವತ್ತು ಜನರ ಜೊತೆ ಅವನೂ ಮೂಗು ಒರೆಸಿಕೊಳ್ಳುತ್ತಿದ್ದ. ಗುರುವಾರ ಇಲ್ಲದಿದ್ದರೆ ತನ್ನ ಬದುಕು ಬರೀ ಪೇಪರು ಜೋಡಿಸುವುದೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಎರಡು ಸಾವಿರದ ಮೂರರ ಮಳೆಗಾಲ ಕಳೆದ ಮೇಲೆ ಇನ್ನೊಂದು ಸುತ್ತೋಲೆ ಬಂತು. ಓದುಗರು ಕಡಿಮೆಯಿರುವ ಶಾಖೆಗಳನ್ನು ಮುಚ್ಚಿ ಪುಸ್ತಕಗಳನ್ನು ಶಿವಮೊಗ್ಗಕ್ಕೆ ಸೇರಿಸಲಾಗುವುದು. ವಾರದ ಕಾರ್ಯಕ್ರಮವನ್ನು ಬಿಡದೆ ನಡೆಸಿಕೊಂಡು ಬಂದ ಶಾಖೆಗಳನ್ನು ಮಾತ್ರ ಉಳಿಸಲಾಗುವುದು. ಸಹಿ ಪುಸ್ತಕವೇ ಪುರಾವೆ. ಕಾರ್ಖಾನೆಯಲ್ಲಿ ಕೆಲಸ ಕಡಿಮೆಯಾದಂತೆ ಬೆಳಗಿನ ಗಂಡಸರು ಹತ್ತು ಹನ್ನೆರಡಕ್ಕೆ ಇಳಿದಿದ್ದರು. ಶಾಖೆಯನ್ನು ಉಳಿಸಬಲ್ಲದ್ದು ಗುರುವಾರವೊಂದೇ. ಆ ಗುರುವಾರದ ಪುಟಗಳಲ್ಲಿ ಒಂದು ಹೆಸರೂ ಇರಲಿಲ್ಲ.

‘ರೀ, ಒಂಬತ್ತು ವರ್ಷ ಗಂಟಲು ಹರ್ಕೊಂಡಿದ್ದೀರ. ಬರೆದ್ರೆ ಅದು ಸುಳ್ಳಾಗುತ್ತಾ? ಹೆಸ್ರು ಬರೆದುಬಿಡಿ’ ಎಂದಳು ಶಾಮಲಾ.

‘ಸಹಿ ಅವ್ರದ್ದಾಗ್ಬೇಕಲ್ಲ ಮಾರಾಯ್ತಿ.’

‘ಬಂದಿದ್ದು ನಿಜ ತಾನೇ? ಮತ್ತೆ!’

ಸಹಿ ಪುಸ್ತಕ ನೋಡಲು ಶಿವಮೊಗ್ಗದಿಂದ ಅಧಿಕಾರಿ ಬರುವ ಹಿಂದಿನ ದಿನ ಬೆಳಿಗ್ಗೆ ಜಂಬಣ್ಣ ಬಾಗಿಲು ಹಾಕಿಕೊಂಡು ಕೂತ. ಆ ವರ್ಷದ ಗುರುವಾರಗಳನ್ನೆಲ್ಲ ತುಂಬಿಸಿದ. ಬಂಗಾರಮ್ಮ, ಮಹಾಂತಮ್ಮ, ಅಂಜಲೈ, ಈಶ್ವರಮ್ಮ... ಯಾರು ಯಾವ ವಾರ ಬಂದಿರಲಿಲ್ಲವೋ ಆ ವಾರ ಅವರ ಹೆಸರನ್ನು ಬಿಟ್ಟ. ಮಹಾಂತಮ್ಮ ಮಗಳ ಬಾಣಂತನಕ್ಕೆ ನವುಲೆಗೆ ಹೋಗಿದ್ದ ಮೂರು ವಾರ ಅವಳ ಹೆಸರಿಲ್ಲ. ಅಷ್ಟು ಪ್ರಾಮಾಣಿಕವಾಗಿ ಕಳ್ಳ ಲೆಕ್ಕ ಬರೆದವನು ಜಗತ್ತಿನಲ್ಲಿ ಇನ್ನೊಬ್ಬನಿರಲಾರ. ಎಲ್ಲವನ್ನೂ ಒಂದೇ ನೀಲಿ ಪೆನ್ನಿನಲ್ಲಿ, ತನ್ನ ಅದೇ ದುಂಡಗಿನ ಅಕ್ಷರದಲ್ಲಿ ಬರೆದ. ಪಾಪ, ಅದು ಹೊಳೆಯಲೇ ಇಲ್ಲ.

ಅಧಿಕಾರಿ ನರಸಿಂಹಮೂರ್ತಿ ಕೆಟ್ಟವರಲ್ಲ. ಗುರುವಾರವೇ ಬಂದರು, ಓದುವ ಹೊತ್ತಿಗೇ ಬಂದರು. ಮೂವತ್ತು ಹೆಂಗಸರನ್ನು, ಹೂವಿನ ಬುಟ್ಟಿಗಳನ್ನು ಕಂಡು ಅವರ ಮುಖ ಅರಳಿತು. ಜಂಬಣ್ಣನಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವರು ಸಹಿ ಪುಸ್ತಕ ತೆರೆದರು. ಒಂದು ಪುಟ ನೋಡಿದರು, ಇನ್ನೊಂದು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

‘ಜಂಬಣ್ಣ, ಏನ್ರೀ ಇದು? ಎಲ್ಲಾ ಒಂದೇ ಕೈಬರಹ.’

ಬಂಗಾರಮ್ಮ ಎದ್ದು ನಿಂತಳು. ಇಷ್ಟು ವರ್ಷ ತಮಗಾಗಿ ಊಟ ಬಿಟ್ಟವನು ಕಷ್ಟದಲ್ಲಿದ್ದಾನೆ ಎಂದಷ್ಟೇ ಅವಳಿಗೆ ಅರ್ಥವಾಗಿತ್ತು. ‘ನಾವೇ ಹಾಕಿದ್ದು ಸಾರ್. ನಮ್ಮದೇ ಸಹಿ’ ಎಂದಳು, ಗಟ್ಟಿಯಾಗಿ.

‘ಹೌದಾಮ್ಮ? ಹಾಗಾದ್ರೆ ನಿಮ್ಮ ಹೆಸರು ಯಾವುದು, ತೋರಿಸಿ.’

ಜಂಬಣ್ಣ ಕಣ್ಣು ಮುಚ್ಚಿಕೊಂಡ. ಬಂಗಾರಮ್ಮ ಮೇಜಿನ ಹತ್ತಿರ ಬಂದು ಪುಟದ ಮೇಲೆ ಬಗ್ಗಿದಳು. ಸಾಲುಸಾಲಾಗಿ ನೀಲಿ ಅಕ್ಷರ. ಅವಳ ಬೆರಳು ಒಂದು ಕ್ಷಣ ಗಾಳಿಯಲ್ಲೇ ನಿಂತು, ಆಮೇಲೆ ಚೂರೂ ಅಳುಕದೆ ಒಂದು ಹೆಸರಿನ ಮೇಲೆ ಕೂತಿತು.

‘ಇದು’ ಎಂದಳು.

ಅದು ಮಹಾಂತಮ್ಮನ ಹೆಸರು.

ಮಹಾಂತಮ್ಮನಿಗೂ ಅದು ತನ್ನ ಹೆಸರೆಂದು ಗೊತ್ತಾಗಲಿಲ್ಲ. ಆದರೆ ಜಂಬಣ್ಣನ ಮುಖ ನೋಡಿ ಬಂಗಾರಮ್ಮನಿಗೆ ತಪ್ಪಾಯಿತೆಂದು ಹೊಳೆಯಿತು. ‘ಅಣ್ಣಾ, ಆ ಮಸಿ ಡಬ್ಬಿ ತೆಗೀರಿ’ ಎಂದಳು. ‘ಒತ್ತೀನಿ. ಎಷ್ಟು ಕಡೆ ಬೇಕಾದ್ರೂ ಒತ್ತೀನಿ. ಆಣೆ ಹಾಳಾಗ್ಲಿ.’

ಜಂಬಣ್ಣ ಡ್ರಾಯರು ಎಳೆದು ಪ್ಯಾಡು ತೆರೆದಿಟ್ಟ. ಬಂಗಾರಮ್ಮ ಹೆಬ್ಬೆರಳನ್ನು ಅದರಲ್ಲಿ ಒತ್ತಿ ಪುಟದ ಮೇಲಿಟ್ಟಳು. ಏನೂ ಮೂಡಲಿಲ್ಲ. ಮತ್ತೆ ಒತ್ತಿದಳು. ಒಂಬತ್ತು ವರ್ಷದಲ್ಲಿ ಪ್ಯಾಡು ಒಣಗಿ ಹಪ್ಪಳವಾಗಿತ್ತು. ಅಂಜಲೈ ಹೂವಿಗೆ ಚಿಮುಕಿಸುವ ನೀರನ್ನು ತಂದು ಅದರ ಮೇಲೆ ಸುರಿದಳು. ಪುಟದ ಮೇಲೆ ಒಂದು ಒದ್ದೆ ಗುರುತು ಬಿತ್ತು. ನೋಡುತ್ತಿದ್ದ ಹಾಗೆ ಅದೂ ಆರಿತು.

‘ಬಿಡಿ ತಾಯಿ’ ಎಂದರು ನರಸಿಂಹಮೂರ್ತಿ. ‘ಇವತ್ತು ಒತ್ತಿದ್ರೆ ಇವತ್ತಿಗೆ ಮಾತ್ರ ಆಗುತ್ತೆ. ಹಿಂದಿನದಕ್ಕೆ ಆಗಲ್ಲ.’ ಆಮೇಲೆ ದನಿ ತಗ್ಗಿಸಿ, ‘ಜಂಬಣ್ಣ, ಇದನ್ನ ಬರೆದು ಕಳಿಸಿದ್ರೆ ನಿಮ್ಮ ಕೆಲಸ ಹೋಗುತ್ತೆ. ನೀವು ಮೋಸ ಮಾಡಿಲ್ಲ ಅಂತ ನನಗೆ ಗೊತ್ತು. ಈ ಪುಟಗಳನ್ನ ನಾನು ನೋಡಿಲ್ಲ ಅಂದ್ಕೊಳ್ಳಿ. ಕಾರ್ಯಕ್ರಮ ನಡೆದಿಲ್ಲ ಅಂತ ಬರೀತೀನಿ’ ಎಂದರು.

ಅವರು ಅವನನ್ನು ಕಾಪಾಡಿದರು, ನಿಜ. ಆದರೆ ಹಾಗೆ ಕಾಪಾಡಲು ಒಂಬತ್ತು ವರ್ಷದ ಗುರುವಾರಗಳು ನಡೆದೇ ಇಲ್ಲವೆಂದು ಬರೆಯಬೇಕಾಯಿತು. ಜಂಬಣ್ಣ ಬೇಡವೆನ್ನಲಿಲ್ಲ. ಮನೆಯಲ್ಲಿ ಹೆಂಡತಿ ಇದ್ದಳು, ಹೈಸ್ಕೂಲಿಗೆ ಹೋಗುವ ಮಗಳಿದ್ದಳು. ತಲೆ ತಗ್ಗಿಸಿ ನಿಂತ. ಆ ನಿಂತದ್ದಕ್ಕೆ ಅವನು ತನ್ನನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಆ ವಾರದ ಓದು ಅರ್ಧಕ್ಕೇ ನಿಂತಿತ್ತು. ಕಾದಂಬರಿಯ ಸೊಸೆ, ಮಗುವನ್ನು ಎತ್ತಿಕೊಂಡು ಗಂಡನ ಮನೆ ಬಿಟ್ಟು ಹೊರಟವಳು, ಘಾಟಿಯಲ್ಲಿ ಕೆಟ್ಟು ನಿಂತ ಬಸ್ಸಿನಲ್ಲಿ ಕೂತಿದ್ದಳು. ಕೆಳಗಿಂದ ಬರುವ ಬಸ್ಸು ಹತ್ತಿದರೆ ವಾಪಸ್ಸು ಗಂಡನ ಮನೆ. ಇದೇ ರಿಪೇರಿಯಾದರೆ ತವರು. ಮುಂದಿನ ಗುರುವಾರ ಬರುವ ಮೊದಲೇ ಲಾರಿ ಬಂತು. ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದರು. ಹೆಂಗಸರು ಜಗಲಿಯಲ್ಲಿ ನಿಂತು ನೋಡಿದರು. ಬಾಳೆನಾರು ಇಟ್ಟ ಆ ಪುಸ್ತಕ ಯಾವ ಚೀಲಕ್ಕೆ ಬಿತ್ತೋ ಜಂಬಣ್ಣನೂ ಕಾಣಲಿಲ್ಲ.

ಅವನನ್ನು ಶಿವಮೊಗ್ಗಕ್ಕೆ ಹಾಕಿದರು. ರಾಗಿಗುಡ್ಡದ ಕಡೆ ಬಾಡಿಗೆಗೆ ಹಿಡಿದ ಒಂದು ಗೋದಾಮಿನಲ್ಲಿ ಪುಸ್ತಕ ಕಾಯುವ ಕೆಲಸ. ಓದುವವರಿಲ್ಲ, ಕೇಳುವವರಿಲ್ಲ. ಭದ್ರಾವತಿಯ ಹನ್ನೊಂದು ಚೀಲಗಳು ಅವನ ಕುರ್ಚಿಯ ಎದುರಿಗೇ ಇದ್ದವು. ಪಟ್ಟಿ ಬಂದು ತಾಳೆ ನೋಡುವವರೆಗೆ ಹೊಲಿಗೆ ಬಿಚ್ಚುವಂತಿಲ್ಲ ಎಂದು ಆದೇಶ. ಪಟ್ಟಿ ಎರಡು ವರ್ಷವಾದರೂ ಬರಲಿಲ್ಲ. ಜಂಬಣ್ಣ ಮೂರು ಸಲ ಅರ್ಜಿ ಬರೆದ. ಒಮ್ಮೆ ಬ್ಲೇಡು ಹಿಡಿದು ಚೀಲದ ಹತ್ತಿರ ಹೋಗಿದ್ದ. ಹಳೆಯದೆಲ್ಲ ನೆನಪಾಗಿ ಕೈ ಬರಲಿಲ್ಲ, ವಾಪಸ್ಸು ಬಂದು ಕೂತ.

ಎರಡು ಸಾವಿರದ ಐದರ ಒಂದು ಗುರುವಾರ ಮಧ್ಯಾಹ್ನ ಬಂಗಾರಮ್ಮ ಬಂದಳು. ಹೂ ಮಾರಲು ಶಿವಮೊಗ್ಗದ ಗಾಂಧಿಬಜಾರಿಗೆ ಬಂದವಳು ಕೇಳಿಕೊಂಡು, ವಿಚಾರಿಸಿಕೊಂಡು, ಅಷ್ಟು ದೂರ ನಡೆದಿದ್ದಳು. ಕೂದಲು ಪೂರ್ತಿ ನೆರೆತಿತ್ತು. ಶಾಮಲಾಗೆಂದು ಎರಡು ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಕಟ್ಟಿ ತಂದಿದ್ದಳು.

‘ಮಹಾಂತಮ್ಮ ಹೋದ್ಲು ಅಣ್ಣಾ, ಶ್ರಾವಣದಲ್ಲಿ’ ಎಂದಳು. ‘ಜ್ವರದಲ್ಲೂ ಅದೇ ಕೇಳ್ತಿದ್ಲು. ಬಸ್ಸು ರಿಪೇರಿ ಆಯ್ತಾ, ಅವಳು ತವರಿಗೆ ಹೋದ್ಲಾ ಅಂತ. ಹೋದ್ಲು ಕಣೇ, ಸುಖವಾಗಿದಾಳೆ ಅಂತ ಸುಳ್ಳು ಹೇಳ್ದೆ. ನಿಜ ಏನು ಅಣ್ಣಾ?’

‘ನನಗೂ ಗೊತ್ತಿಲ್ಲ ಬಂಗಾರಮ್ಮ. ನಾನು ಮುಂದೆ ಓದಿಲ್ಲ.’

‘ಪುಸ್ತಕ?’

ಜಂಬಣ್ಣ ಚೀಲಗಳ ಕಡೆ ಕೈ ತೋರಿಸಿದ. ‘ಅದರೊಳಗಿದೆ. ಬಿಚ್ಚೋ ಹಾಗಿಲ್ಲ.’

ಬಂಗಾರಮ್ಮ ಚೀಲಗಳನ್ನು ನೋಡಿದಳು, ಅವನನ್ನು ನೋಡಿದಳು. ‘ಹೋಗ್ಲಿ ಬಿಡಿ’ ಎಂದು ಮಲ್ಲಿಗೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಅವಳ ಹೆಬ್ಬೆರಳು ಕಡುನೀಲಿಯಾಗಿತ್ತು. ಜಂಬಣ್ಣ ಅದನ್ನೇ ನೋಡುತ್ತಿದ್ದದ್ದು ಕಂಡು ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

‘ಗೇಟಲ್ಲಿ ಪುಸ್ತಕ ಇಟ್ಟಿದಾರಲ್ಲ. ಸಹಿ ಇಲ್ಲಾಂದ್ರೆ ಒತ್ತು, ಒತ್ತದಿದ್ರೆ ಒಳಗೆ ಬಿಡಲ್ಲ ಅಂದ ಗೇಟಿನೋನು’ ಎಂದಳು. ‘ಕಥೆ ಸಿಗುತ್ತಲ್ಲ ಅಂತ ಒತ್ತಿದೆ ಅಣ್ಣಾ.’